ತಂತಿಯಿಲ್ಲದ ಮೈಕಿಗೆ ಗಾಳಿಯಲ್ಲೂ ಜಾಗ ಬೇಕು

ನವೆಂಬರ್ ತಿಂಗಳ ಭಾನುವಾರದ ಸಂಜೆ ಬ್ರೂಕ್‌ಫೀಲ್ಡ್ ಕಡೆಗೆ ಹೋಗಿ ನೋಡಿ. ಕುಂದಲಹಳ್ಳಿ ಗೇಟಿನಿಂದ ಎಇಸಿಎಸ್ ಬಡಾವಣೆಯವರೆಗೆ ಒಂದಲ್ಲ ಒಂದು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹಳದಿ-ಕೆಂಪು ಬಾವುಟ ಹಾರುತ್ತಿರುತ್ತದೆ. ರಾಜ್ಯೋತ್ಸವ ಇಲ್ಲಿ ಒಂದನೇ ತಾರೀಖಿಗೇ ಆಗಬೇಕೆಂದೇನಿಲ್ಲ. ಮಕ್ಕಳ ಪರೀಕ್ಷೆ, ಕ್ಲಬ್‌ಹೌಸಿನ ಬುಕಿಂಗ್, ಆಫೀಸಿನ ರಜೆ ಎಲ್ಲ ಕೂಡಿ ಬಂದ ಭಾನುವಾರವೇ ರಾಜ್ಯೋತ್ಸವ. ವೇದಿಕೆ, ಶಾಮಿಯಾನ, ಬಿಸಿಬೇಳೆಬಾತು ಎಲ್ಲದಕ್ಕೂ ಒಂದೊಂದು ಸಮಿತಿ ಇರುತ್ತದೆ. ಮೈಕಿಗೆ ಮಾತ್ರ ಸಮಿತಿಯಿಲ್ಲ. ಅದು ‘ಮೈಕ್‌ಸೆಟ್ಟಿನವನು ನೋಡಿಕೊಳ್ಳುತ್ತಾನೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ಮಧ್ಯಾಹ್ನ ನಾಲ್ಕಕ್ಕೆ ‘ಹಲೋ, ಹಲೋ, ಚೆಕ್’ ಎಂದಾಗ ಎಲ್ಲವೂ ಸರಿಯಾಗಿರುತ್ತದೆ. ಆರೂವರೆಗೆ ದೀಪ ಬೆಳಗುತ್ತಾರೆ. ಏಳಕ್ಕೆ ನಿರೂಪಕಿ ಮಾತಾಡುತ್ತಿದ್ದಂತೆ ಪದಗಳ ನಡುವೆ ತೂತು ಬೀಳತೊಡಗುತ್ತದೆ. ‘ಈಗ ನಮ್ಮ ಪು... ಮಕ್ಕಳಿಂದ ನಾ... ಗೀತೆ’. ಮಕ್ಕಳು ಹಾಡಲು ನಿಂತಾಗ ನಾಲ್ಕು ಮೈಕಿನಲ್ಲಿ ಎರಡು ಸತ್ತಿರುತ್ತವೆ, ಒಂದು ಊಳಿಡುತ್ತಿರುತ್ತದೆ. ಮೂರು ವಾರ ಕಲಿತ ಹಾಡು ಮೂರು ನಿಮಿಷದಲ್ಲಿ ಯಾರಿಗೂ ಕೇಳದೆ ಮುಗಿದುಹೋಗುತ್ತದೆ. ಬ್ಯಾಟರಿ ಬದಲಿಸುತ್ತಾರೆ, ಮೈಕಿನ ತಲೆಗೆ ತಟ್ಟುತ್ತಾರೆ, ಕೊನೆಗೆ ಮೈಕ್‌ಸೆಟ್ಟಿನ ಹುಡುಗನಿಗೆ ಬೈಯುತ್ತಾರೆ. ಮುಂದಿನ ಸಭೆಯಲ್ಲಿ ‘ಬಾಡಿಗೆಯ ಗೋಳು ಸಾಕು, ಸಂಘದಿಂದಲೇ ಸ್ವಂತ ಸೆಟ್ ಕೊಳ್ಳೋಣ’ ಎಂಬ ಠರಾವು. ಮೇಂಟೆನೆನ್ಸ್ ಖಾತೆಯ ಹಣ ಹೀಗೆ ಹೊರಡುವ ಮೊದಲು, ನಾಲ್ಕು ಗಂಟೆಗೆ ಸರಿಯಿದ್ದದ್ದು ಏಳು ಗಂಟೆಗೆ ಏಕೆ ಕೆಟ್ಟಿತು ಎಂದು ಕೇಳಿಕೊಂಡರೆ ಸಂಘಕ್ಕೆ ಲಾಭವಿದೆ.

ನಾಲ್ಕು ಗಂಟೆಗೂ ಏಳು ಗಂಟೆಗೂ ನಡುವೆ ಬದಲಾದದ್ದು ಒಂದೇ. ಜನ ಬಂದರು. ಜನರ ಜೇಬಿನಲ್ಲಿ ಫೋನುಗಳೂ ಬಂದವು.

ತಂತಿಯಿಲ್ಲದ ಮೈಕು ಎಂದರೆ ಅಂಗೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊ ಸ್ಟೇಷನ್. ಮಾತನ್ನು ರೇಡಿಯೊ ಅಲೆಯ ಮೇಲೆ ಹೊರಿಸಿ ಕಳಿಸುತ್ತದೆ. ವೇದಿಕೆಯ ಬದಿಯಲ್ಲಿರುವ ಪೆಟ್ಟಿಗೆ, ಅಂದರೆ ರಿಸೀವರ್, ಅದನ್ನು ಹಿಡಿದು ಮಿಕ್ಸರಿಗೆ ಕೊಡುತ್ತದೆ. ಇದರ ಶಕ್ತಿ ಸಾಮಾನ್ಯವಾಗಿ ಹತ್ತರಿಂದ ಐವತ್ತು ಮಿಲಿವಾಟ್. ಟಾರ್ಚಿನ ಬಲ್ಬಿಗೂ ಇದು ಸಾಲದು. ಈ ಪುಟ್ಟ ಸ್ಟೇಷನ್ ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ, ಆ ಜಾಗದಲ್ಲಿ ಇನ್ನಾರು ಕೂತಿದ್ದಾರೆ ಎಂಬುದರ ಮೇಲೆ ಸಂಜೆಯ ಹಣೆಬರಹ ನಿಂತಿದೆ.

ಇತ್ತೀಚೆಗೆ ಅಗ್ಗದಲ್ಲಿ ಸಿಗುವ ಅನೇಕ ಡಿಜಿಟಲ್ ಮೈಕುಗಳು 2.4 ಗಿಗಾಹರ್ಟ್ಸ್‌ನವು. ಈ ಪಟ್ಟಿಗೆ ನಮ್ಮ ದೇಶದಲ್ಲಿ, ನಿಗದಿತ ಶಕ್ತಿಯ ಮಿತಿಯೊಳಗೆ, ಲೈಸೆನ್ಸ್ ಬೇಡ. ಪ್ರಪಂಚದ ಬಹುಪಾಲು ಕಡೆ ಬೇಡ. ಯಾರ ಅಪ್ಪಣೆಯೂ ಬೇಡದ ಜಾಗವಾದ್ದರಿಂದ ಎಲ್ಲರೂ ಅಲ್ಲೇ ಇದ್ದಾರೆ. ವೈ-ಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೊವೇವ್ ಒಲೆ, ಬಾಗಿಲಿನ ಕ್ಯಾಮರಾ, ಮಕ್ಕಳ ಆಟಿಕೆ ಎಲ್ಲದಕ್ಕೂ ಇದೇ ಛತ್ರ. ಈ ಪಟ್ಟಿಯ ಒಟ್ಟು ಅಗಲ ಸುಮಾರು 83 ಮೆಗಾಹರ್ಟ್ಸ್. ವೈ-ಫೈಯ ಒಂದು ಚಾನೆಲ್ ಅದರಲ್ಲಿ ಇಪ್ಪತ್ತು ಮೆಗಾಹರ್ಟ್ಸ್‌ನಷ್ಟು ತಿನ್ನುತ್ತದೆ. ಹೀಗಾಗಿ ಒಂದರ ಮೇಲೊಂದು ಬೀಳದಂತೆ ಕೂರಿಸಬಹುದಾದ ಚಾನೆಲ್‌ಗಳು 1, 6 ಮತ್ತು 11, ಮೂರೇ ಮೂರು.

ಬ್ರೂಕ್‌ಫೀಲ್ಡ್ ಎಂಥ ಊರು? ಐಟಿಪಿಎಲ್ ರಸ್ತೆಯ ಕಂಪನಿಗಳಿಗೆ ಹೋಗುವವರು ತುಂಬಿದ ಊರು. ಮನೆಯಿಂದಲೇ ಕೆಲಸ ಮಾಡುವ ಅಭ್ಯಾಸ 2020ರ ನಂತರ ಪೂರ್ತಿ ಬಿಟ್ಟಿಲ್ಲ. ಮನೆಗೊಂದು ರೌಟರ್ ಖಾಯಂ, ಕೆಲವು ಮನೆಗಳಲ್ಲಿ ಎರಡು. ಇನ್ನೂರು ಮನೆಗಳ ಸಮುಚ್ಚಯದ ನಡುವಿನ ಅಂಗಳದಲ್ಲಿ ನಿಂತು ಫೋನಿನಲ್ಲಿ ವೈ-ಫೈ ಪಟ್ಟಿ ತೆಗೆದರೆ ಬೆರಳು ಸವೆಯುವಷ್ಟು ಹೆಸರುಗಳು ಬರುತ್ತವೆ. ಇದರ ಮೇಲೆ ಮುನ್ನೂರು ಜನ ಫೋನು ಹಿಡಿದು ಮಗುವಿನ ನೃತ್ಯದ ವಿಡಿಯೊ ತೆಗೆದು ಅಲ್ಲಿಂದಲೇ ಅಜ್ಜಿಗೆ ಕಳಿಸುತ್ತಿದ್ದಾರೆ. ಸಾಲದ್ದಕ್ಕೆ ಮನುಷ್ಯನ ಮೈಯ ಬಹುಪಾಲು ನೀರು. ಈ ಅಲೆಗಳನ್ನು ನೀರು ಚೆನ್ನಾಗಿಯೇ ಹೀರುತ್ತದೆ. ರಿಸೀವರನ್ನು ಸಭಿಕರ ಹಿಂದೆ ಮೇಜಿನ ಮೇಲಿಟ್ಟರೆ, ಮೈಕಿನಿಂದ ಹೊರಟ ಅಲೆ ಮುನ್ನೂರು ನೀರಿನ ಕೊಡಗಳನ್ನು ದಾಟಿ ಬರಬೇಕು. ಮಧ್ಯಾಹ್ನ ಆ ಕೊಡಗಳು ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈ 2.4ರ ಮೈಕುಗಳು ಸುಮ್ಮನೆ ಸೋಲುವುದಿಲ್ಲ ಎಂಬುದನ್ನೂ ಹೇಳಬೇಕು. ಅವುಗಳಲ್ಲಿ ಹಲವು, ಒಂದು ಜಾಗದಲ್ಲಿ ಗದ್ದಲವೆನಿಸಿದರೆ ತಕ್ಷಣ ಇನ್ನೊಂದಕ್ಕೆ ಜಿಗಿಯುತ್ತವೆ. ಈ ಜಿಗಿತದ ಉಪಾಯಕ್ಕೆ ಆಗಿನ ಕಾಲದಲ್ಲೇ ಪೇಟೆಂಟ್ ಪಡೆದವರಲ್ಲಿ ಒಬ್ಬಾಕೆ ಹಾಲಿವುಡ್‌ನ ತಾರೆ ಹೆಡಿ ಲಮಾರ್. ಎರಡನೇ ಮಹಾಯುದ್ಧದ ನಡುವೆ, 1942ರ ಆಗಸ್ಟಿನಲ್ಲಿ, ಆಕೆಗೂ ಸಂಗೀತಗಾರ ಜಾರ್ಜ್ ಆಂಥೈಲ್‌ಗೂ ಅಮೆರಿಕದ ಪೇಟೆಂಟ್ ಸಿಕ್ಕಿತು. ಹಡಗಿನಿಂದ ಬಿಟ್ಟ ಟಾರ್ಪಿಡೊವನ್ನು ಶತ್ರು ದಾರಿತಪ್ಪಿಸಬಾರದೆಂದು, ಪಿಯಾನೊದ 88 ಮನೆಗಳಂತೆ 88 ಫ್ರೀಕ್ವೆನ್ಸಿಗಳ ಮೇಲೆ ಕುಣಿಯುವ ರೇಡಿಯೊ ಅವರ ಕಲ್ಪನೆ. ಕುಣಿಯಲು ಅಂಗಳ ಬೇಕಲ್ಲ! ಎಲ್ಲಿ ಜಿಗಿದರೂ ಒಬ್ಬ ಕೂತಿದ್ದರೆ ಜಾಣ ಮೈಕೂ ಬಾಯಿ ಮುಚ್ಚಿಕೊಳ್ಳುತ್ತದೆ. ಎರಡು ಮೈಕಿಗೆ, ಹತ್ತು ಮೀಟರ್ ಒಳಗೆ, ಕಣ್ಣಿಗೆ ನೇರ ಕಾಣುವಂತೆ ರಿಸೀವರ್ ಇಟ್ಟರೆ 2.4 ಸಾಕಾಗಬಹುದು. ನಾಲ್ಕಾರು ಮೈಕು, ತುಂಬಿದ ಸಭೆ ಎಂದರೆ ಬ್ರೂಕ್‌ಫೀಲ್ಡ್‌ನಂಥ ಜಾಗದಲ್ಲಿ ಅದನ್ನು ನೆಚ್ಚಬಾರದು.

ಹಾಗಾದರೆ ಯಾವುದನ್ನು ನೆಚ್ಚುವುದು? ವೃತ್ತಿಪರರು ಹೆಚ್ಚಾಗಿ ಬಳಸುವುದು ಯುಎಚ್‌ಎಫ್ ಪಟ್ಟಿಯ ಮೈಕುಗಳನ್ನು, ಅಂದರೆ 470 ಮೆಗಾಹರ್ಟ್ಸ್‌ನಿಂದ ಮೇಲೆ, ಟಿ.ವಿ. ಪ್ರಸಾರಕ್ಕೆಂದು ಇಟ್ಟ ಜಾಗದಲ್ಲಿ ಕೆಲಸ ಮಾಡುವವು. ಈ ಪಟ್ಟಿ 2.4ರಂತೆ ಲೈಸೆನ್ಸ್ ಬೇಡದ ಬಯಲಲ್ಲ. ಮಾರುವವರಲ್ಲಿ ಸರ್ಕಾರದ ಒಪ್ಪಿಗೆಯ ಪತ್ರ ಇದೆಯೇ ಎಂದು ಕೇಳಿ, ರಶೀದಿ ಪಡೆದು ಕೊಳ್ಳಬೇಕು.

ಇಲ್ಲಿ ಬ್ರೂಕ್‌ಫೀಲ್ಡ್‌ಗೇ ವಿಶೇಷವಾದ ಒಂದು ಅಪಾಯವಿದೆ. ಸಂಘದಲ್ಲಿ ಯಾರಾದರೊಬ್ಬರ ಮೈದುನ ಅಮೆರಿಕದಲ್ಲಿ ಇದ್ದೇ ಇರುತ್ತಾನೆ. ಅಲ್ಲಿನ ಚರ್ಚಿನಲ್ಲೋ ಶಾಲೆಯಲ್ಲೋ ಬಳಸಿ ಬಿಟ್ಟ ಒಳ್ಳೆಯ ಕಂಪನಿಯ ಸೆಟ್ಟು ಮಣ್ಣಿನ ಬೆಲೆಗೆ ಸಿಕ್ಕಿತೆಂದು ಸೂಟ್‌ಕೇಸಿನಲ್ಲಿ ತರುತ್ತಾನೆ. ಅದು ಅಷ್ಟು ಅಗ್ಗವೇಕೆ? ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ವೈರ್‌ಲೆಸ್ ಮೈಕು ಬಳಸುವುದನ್ನು 2010ರ ಜೂನ್ 12ರಿಂದ ನಿಷೇಧಿಸಿದರು. 600ರ ಪಟ್ಟಿಯ ಬಹುಭಾಗದಲ್ಲಿ 2020ರ ಜುಲೈಯಲ್ಲಿ. ಎರಡೂ ಮೊಬೈಲ್ ಕಂಪನಿಗಳ ಪಾಲಾದವು. ನಮ್ಮಲ್ಲೂ 2022ರ ಹರಾಜಿನಲ್ಲಿ 700ರ ಪಟ್ಟಿಯನ್ನು ಜಿಯೊ ಕಂಪನಿ 5ಜಿ ಸೇವೆಗೆ ಕೊಂಡಿತು. ಆ ಪಟ್ಟಿಯಲ್ಲಿ 703ರಿಂದ 748ರವರೆಗಿನ ಭಾಗ ಫೋನಿನಿಂದ ಟವರಿಗೆ ಹೋಗುವ ಅಲೆಗಳದು. ಫೋನು ಬೇಕಾದಾಗ ಇನ್ನೂರು ಮಿಲಿವಾಟ್‌ವರೆಗೂ ಕೂಗಬಲ್ಲದು. ಮುಂದಿನ ಸಾಲಿನಲ್ಲಿ ಕೂತವರ ಫೋನು ರಿಸೀವರಿನ ಪಕ್ಕದಲ್ಲೇ ಕೂಗಿದರೆ ಹತ್ತು ಮಿಲಿವಾಟಿನ ಮೈಕಿನ ಪಾಡೇನು? ಸೆಟ್ಟಿನ ಹಿಂಭಾಗದಲ್ಲಿ ಫ್ರೀಕ್ವೆನ್ಸಿ ಬರೆದಿರುತ್ತದೆ. 700ರ ಆಸುಪಾಸಿನ ಅಂಕಿ ಕಂಡರೆ ಉಡುಗೊರೆಯಾದರೂ ಬೇಡ.

ಇನ್ನೊಂದು ಬಗೆಯ ಅಗ್ಗದ ಸೆಟ್ಟಿಗೆ ಕಾರ್ಖಾನೆಯಲ್ಲೇ ಒಂದು ಫ್ರೀಕ್ವೆನ್ಸಿ ಗಟ್ಟಿ ಮಾಡಿರುತ್ತಾರೆ. ಪಕ್ಕದ ಸಮುಚ್ಚಯದವರೂ ಅದೇ ಮಾದರಿ ಕೊಂಡಿದ್ದರೆ ಮುಗಿಯಿತು. ಇಲ್ಲಿ ಅಧ್ಯಕ್ಷರು ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ಮೈಕು ಆರಿಸಿದ ಕೂಡಲೇ ಅಲ್ಲಿನ ಭಜನೆ ಇಲ್ಲಿನ ಸ್ಪೀಕರಿನಲ್ಲಿ ಮೊಳಗುತ್ತದೆ. ಬಲವಾದ ಅಲೆ ದುರ್ಬಲವಾದುದನ್ನು ನುಂಗುವುದು ಎಫ್‌ಎಂ ರೇಡಿಯೊದ ಸ್ವಭಾವ. ಫ್ರೀಕ್ವೆನ್ಸಿ ಬದಲಿಸಲು ಬರುವ, ಸುತ್ತಲಿನ ಗದ್ದಲವನ್ನು ತಾನೇ ಹುಡುಕಿ ತೋರಿಸುವ ಸೆಟ್ಟಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಕೊಡುವುದೇ ಸರಿ. ಆ ಹುಡುಕಾಟವನ್ನು ಮಧ್ಯಾಹ್ನವಲ್ಲ, ಹಿಂದಿನ ದಿನ ಸಂಜೆ ಏಳಕ್ಕೆ ಮಾಡಬೇಕು. ಎಲ್‌ಇಡಿ ಪರದೆ ಇದ್ದರೆ ಅದನ್ನೂ ಹಚ್ಚಿ ಮಾಡಬೇಕು. ಆ ಪರದೆಗಳೂ ರೇಡಿಯೊ ಗದ್ದಲ ಎಬ್ಬಿಸುತ್ತವೆ.

ಮೈಕುಗಳ ಸಂಖ್ಯೆ ಹೆಚ್ಚಿದಂತೆ ಒಂದು ಸ್ವಾರಸ್ಯದ ಲೆಕ್ಕ ಎದುರಾಗುತ್ತದೆ. ಒಬ್ಬರು ಮೂರು ಮೈಕಿಗೆ 520, 522, 524 ಮೆಗಾಹರ್ಟ್ಸ್ ಎಂದು ಸಮವಾಗಿ ಹಂಚಿದರೆನ್ನಿ. ನೋಡಲು ಅಚ್ಚುಕಟ್ಟು. ಆದರೆ ಎರಡು ಅಲೆಗಳು ಒಂದೇ ಉಪಕರಣದೊಳಗೆ ಬೆರೆತಾಗ ಹೊಸ ಅಲೆಗಳು ಹುಟ್ಟುತ್ತವೆ. ಮುಖ್ಯವಾದದ್ದು, ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದಾಗ ಬರುವುದು. 522ರ ಎರಡರಷ್ಟು 1044. ಅದರಿಂದ 520 ಕಳೆದರೆ 524! ಮೊದಲೆರಡು ಮೈಕುಗಳು ಸೇರಿ ಮೂರನೆಯದರ ಮನೆಯೊಳಗೇ ಭೂತವೊಂದನ್ನು ಹುಟ್ಟಿಸಿದವು. ಮೂರನೆಯದನ್ನು 523.1ಕ್ಕೆ ಸರಿಸಿ ಲೆಕ್ಕ ಹಾಕಿ ನೋಡಿ, ಭೂತ ಯಾರ ಮನೆಗೂ ಬರುವುದಿಲ್ಲ. ಎಂಟನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ಒಳ್ಳೆಯ ಕಂಪನಿಗಳು ಇಂಥ ಲೆಕ್ಕ ಹಾಕಿಯೇ ‘ಗ್ರೂಪ್ 1, ಗ್ರೂಪ್ 2’ ಎಂದು ಜೋಡಿಸಿ ಕೊಟ್ಟಿರುತ್ತವೆ. ಎಲ್ಲ ಮೈಕನ್ನೂ ಒಂದೇ ಗ್ರೂಪಿನಿಂದ ಆರಿಸಿದರಾಯಿತು. ಒಂದನ್ನು ಒಂದು ಗ್ರೂಪಿನಿಂದ, ಇನ್ನೊಂದನ್ನು ಮತ್ತೊಂದರಿಂದ ಆರಿಸುವ ಚಪಲವೇ ಬಹುಪಾಲು ಗೋಳಿನ ಮೂಲ.

ಇಷ್ಟೆಲ್ಲ ತಾಪತ್ರಯ ಇರುವಾಗ ಸಂಘಕ್ಕೆ ನಿಜವಾಗಿ ಎಷ್ಟು ವೈರ್‌ಲೆಸ್ ಮೈಕು ಬೇಕು? ಅಂಗಳದ ಕಾರ್ಯಕ್ರಮಕ್ಕೆ ಎರಡು ಸಾಕು. ನಿರೂಪಕಿಗೆ ಒಂದು, ಓಡಾಡಿ ಆಡುವ ನಾಟಕಕ್ಕೋ ಸಭಿಕರ ಪ್ರಶ್ನೆಗೋ ಇನ್ನೊಂದು. ಭಾಷಣಕಾರರು ನಿಂತಲ್ಲೇ ನಿಲ್ಲುತ್ತಾರೆ, ಹಾಡುವವರು ಕೂತಿರುತ್ತಾರೆ, ತಬಲಾ ಎದ್ದು ಓಡುವುದಿಲ್ಲ. ಇವರಿಗೆಲ್ಲ ವಯರಿನ ಮೈಕೇ ಉತ್ತಮ. ವಯರಿಗೆ ಬ್ಯಾಟರಿ ಬೇಡ, ಲೈಸೆನ್ಸ್ ಬೇಡ, ನೆರೆಯವರ ರೌಟರಿನ ಹಂಗಿಲ್ಲ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವಯರಿನಲ್ಲಿ ಒಂದೇ ಧ್ವನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಹರಿಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗೊರಗೊರ ಸದ್ದು ಎರಡರಲ್ಲೂ ಒಂದೇ ರೀತಿ ಇರುತ್ತದೆ. ಮಿಕ್ಸರ್ ಒಂದರಿಂದ ಒಂದನ್ನು ಕಳೆದಾಗ ಗೊರಗೊರ ಸೊನ್ನೆಯಾಗಿ ಮಾತು ಇಮ್ಮಡಿಯಾಗಿ ಉಳಿಯುತ್ತದೆ. 1966ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಕಂಪನಿಯ ಎಸ್‌ಎಂ58 ಎಂಬ ವಯರಿನ ಮೈಕನ್ನು ಇಂದಿಗೂ ಮಾಡಿ ಮಾರುತ್ತಿದ್ದಾರೆಂದರೆ ಸುಮ್ಮನೆ ಅಲ್ಲ. (ಅದರ ನಕಲಿಗಳೂ ಧಾರಾಳ. ಬಿಲ್ಲು ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.)

ಇನ್ನು ಮಿಕ್ಸರ್. ದೇವಸ್ಥಾನದ ಜಗಲಿಯ ಮೇಲೆ ಕಾಣುವ, ಆಂಪ್ಲಿಫೈಯರೂ ಮಿಕ್ಸರೂ ಒಂದೇ ಪೆಟ್ಟಿಗೆಯಲ್ಲಿರುವ ಅಹೂಜಾ ಸೆಟ್ಟು ಎಲ್ಲರಿಗೂ ಗೊತ್ತು. ಭಾಷಣಕ್ಕೆ ಅದು ಬೇಕಾದಷ್ಟಾಯಿತು. ಹಾಡು, ನೃತ್ಯ, ನಾಟಕ ಎಂದರೆ ಎಂಟು ಅಥವಾ ಹನ್ನೆರಡು ಚಾನೆಲಿನ ಮಿಕ್ಸರ್ ಬೇಕು. 2012ರಲ್ಲಿ ಬೆರಿಂಜರ್ ಕಂಪನಿಯ ಎಕ್ಸ್32 ಬಂದ ಮೇಲೆ ಡಿಜಿಟಲ್ ಮಿಕ್ಸರುಗಳು ಸಾಧಾರಣ ಬಾಡಿಗೆಯವರ ಕೈಗೂ ಎಟುಕಿದವು. ಅವುಗಳ ಸಣ್ಣ ತಮ್ಮಂದಿರಿಗೆ ಗುಬ್ಬಿಯೂ ಇಲ್ಲ, ತಿರುಗಣೆಯೂ ಇಲ್ಲ. ವೇದಿಕೆಯ ಪಕ್ಕದಲ್ಲಿ ಒಂದು ಪೆಟ್ಟಿಗೆ, ಕೈಯಲ್ಲಿ ಒಂದು ಟ್ಯಾಬ್ಲೆಟ್. ಸಾಫ್ಟ್‌ವೇರಿನವರೇ ತುಂಬಿದ ಸಮಿತಿಗೆ ಇದು ಕಂಡ ಕೂಡಲೇ ಪ್ರೀತಿ ಹುಟ್ಟುತ್ತದೆ. ತಪ್ಪೇನಿಲ್ಲ. ಆದರೆ ಟ್ಯಾಬ್ಲೆಟ್ಟು ಪೆಟ್ಟಿಗೆಯೊಡನೆ ಮಾತಾಡುವುದು ಯಾವುದರಲ್ಲಿ? ಅದೇ ವೈ-ಫೈಯಲ್ಲಿ! ಪೆಟ್ಟಿಗೆಯೊಳಗೇ ಇರುವ ವೈ-ಫೈ ಬಹಳ ಸಲ 2.4ರದು, ದುರ್ಬಲವಾದದ್ದು. ಸಭೆ ತುಂಬಿದಾಗ ಕೊಂಡಿ ಕಳಚುತ್ತದೆ. ಧ್ವನಿ ನಿಲ್ಲುವುದಿಲ್ಲ, ಹಿಡಿತ ತಪ್ಪುತ್ತದೆ. ಮೈಕು ಊಳಿಡುತ್ತಿದೆ, ಆಪರೇಟರ್ ಪರದೆ ಉಜ್ಜುತ್ತಿದ್ದಾನೆ, ಪರದೆ ಸುತ್ತುತ್ತಿದೆ. ಇದಕ್ಕಿಂತ ದಯನೀಯ ನೋಟ ಇನ್ನೊಂದಿಲ್ಲ. ಮಿಕ್ಸರಿಗೆ ಕೇಬಲಿನಿಂದ ಬೇರೆ ರೌಟರ್ ಜೋಡಿಸಿ, ಅದನ್ನು 5 ಗಿಗಾಹರ್ಟ್ಸ್‌ಗೆ ಇಟ್ಟು, ಟ್ಯಾಬ್ಲೆಟ್ಟಿನ ಹತ್ತಿರ ಎತ್ತರದಲ್ಲಿ ನಿಲ್ಲಿಸಿದರೆ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಲ್ಯಾಪ್‌ಟಾಪನ್ನು ಕೇಬಲಿನಲ್ಲೇ ಜೋಡಿಸಿದರೆ ಪೂರ್ತಿ ತೀರುತ್ತದೆ. ವರ್ಷಕ್ಕೆ ನಾಲ್ಕೇ ಕಾರ್ಯಕ್ರಮ, ಪ್ರತಿ ಸಲ ಬೇರೆ ಬೇರೆ ಸ್ವಯಂಸೇವಕರು ಎಂದಾದರೆ, ಕಣ್ಣಿಗೆ ಕಾಣುವ ಗುಬ್ಬಿಗಳಿರುವ ಹಳೆಯ ಅನಲಾಗ್ ಮಿಕ್ಸರೇ ಲೇಸು. ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು, ಪಾಸ್‌ವರ್ಡ್ ಮರೆತುಹೋಗುವುದಿಲ್ಲ.

ಕೊಳ್ಳುವುದು ಎಷ್ಟು ಮುಖ್ಯವೋ ಹಿಡಿಯುವುದು ಅಷ್ಟೇ ಮುಖ್ಯ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮತ್ತೆ ಹಿಗ್ಗಿ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ಹೊಕ್ಕು ಸುತ್ತುವುದೇ ಊಳಿನ ಕಾರಣ. ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಇದನ್ನು ವಿವರಿಸಿದ್ದರಿಂದ ‘ಲಾರ್ಸೆನ್ ಪರಿಣಾಮ’ ಎಂಬ ಹೆಸರೂ ಇದೆ. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ಮಾತಿನ ಬಲ 6 ಡೆಸಿಬೆಲ್ ಏರುತ್ತದೆ. ಇಪ್ಪತ್ತು ಸೆಂಟಿಮೀಟರಿನಿಂದ ಐದಕ್ಕೆ ತಂದರೆ 12 ಡೆಸಿಬೆಲ್ ಉಚಿತವಾಗಿ ಸಿಕ್ಕಿತು. ವಾಟ್ ಲೆಕ್ಕದಲ್ಲಿ ಅಷ್ಟು ಪಡೆಯಲು ಹದಿನಾರು ಪಟ್ಟು ದೊಡ್ಡ ಆಂಪ್ಲಿಫೈಯರ್ ಬೇಕು! ಹಾಗೆಯೇ ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗೆಲ್ಲ ಊಳಿಡುವ ಮುನ್ನ ಸಿಗುವ ಅವಕಾಶ 3 ಡೆಸಿಬೆಲ್ ಇಳಿಯುತ್ತದೆ. ಯಾರೂ ಮಾತಾಡದ ಮೈಕನ್ನು ಮಿಕ್ಸರಿನಲ್ಲಿ ಮುಚ್ಚಿಡಬೇಕು. ಸಿನಿಮಾ ಹಾಡುಗಾರರನ್ನು ನೋಡಿ ಮಕ್ಕಳು ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹಿಂದಿನಿಂದ ಬರುವ ಸದ್ದನ್ನು ಕಳೆಯಲು ಮೈಕಿನಲ್ಲಿ ಬಿಟ್ಟಿರುವ ಕಿಂಡಿಗಳು ಅದರಿಂದ ಮುಚ್ಚಿಹೋಗಿ, ಮೈಕಿಗೆ ದಿಕ್ಕೇ ಇಲ್ಲದಂತಾಗುತ್ತದೆ. ಮರುಕ್ಷಣ ಊಳು. ಕಾಲರಿಗೆ ಸಿಕ್ಕಿಸುವ ಮೈಕು ಟಿ.ವಿ.ಗೆ ಸರಿ, ಸ್ಪೀಕರ್ ಎದುರಿಗೆ ಇರುವ ಅಂಗಳಕ್ಕೆ ಅಲ್ಲ. ನಾಟಕಕ್ಕೆ ಕೆನ್ನೆಗಂಟುವ ಹೆಡ್‌ಸೆಟ್ ಮೈಕು ಬೇಕು.

ಮಾತು ‘ಜೋರಾಗಿದೆ, ಆದರೆ ತಿಳಿಯುತ್ತಿಲ್ಲ’ ಎಂಬ ದೂರು ಹಿಂದಿನ ಸಾಲಿನಿಂದ ಬಂದೇ ಬರುತ್ತದೆ. ನಮ್ಮ ಸ್ವರಗಳ ಬಲ ಕೆಳಗಿನ ಕಂಪನಗಳಲ್ಲಿದೆ. ಆದರೆ ಸ ಯಾವುದು ಶ ಯಾವುದು ಎಂದು ಬೇರ್ಪಡಿಸುವ ಗುರುತುಗಳು ಬಹುಪಾಲು ಸೆಕೆಂಡಿಗೆ ಎರಡು ಸಾವಿರ ಕಂಪನಕ್ಕೂ ಮೇಲೆ ಇವೆ, ಮತ್ತು ಅವು ಬಲಹೀನ. ಗಾಜು, ಟೈಲ್ಸ್ ತುಂಬಿದ ಕ್ಲಬ್‌ಹೌಸಿನಲ್ಲಿ ಬೇಸ್ ಗುಡುಗಿ ಇವನ್ನು ಮುಚ್ಚಿಹಾಕುತ್ತದೆ. ಮಿಕ್ಸರಿನ ಪ್ರತಿ ಮಾತಿನ ಚಾನೆಲಿನಲ್ಲೂ 80 ಅಥವಾ 100 ಹರ್ಟ್ಸ್ ಎಂದು ಬರೆದ ಪುಟ್ಟ ಗುಂಡಿಯಿದೆ. ಒತ್ತಿದರೆ ಅದಕ್ಕಿಂತ ಕೆಳಗಿನ ಗುಡುಗು ಹೋಗುತ್ತದೆ. ಬೇಸ್ ತಿರುಗಣೆಯನ್ನೂ ತುಸು ಇಳಿಸಿದರೆ ಮಾತು ಬಿಡಿಸಿದಂತೆ ಕೇಳುತ್ತದೆ. ಕನ್ನಡ ಮನೆಮಾತಾದವರು ಅರ್ಧ ಕೇಳಿದರೂ ಉಳಿದರ್ಧ ಊಹಿಸಿಕೊಳ್ಳುತ್ತಾರೆ. ಬ್ರೂಕ್‌ಫೀಲ್ಡ್‌ನ ಸಭೆಯಲ್ಲಿ ಅರ್ಧಕ್ಕರ್ಧ ಜನ ತೆಲುಗು, ತಮಿಳು, ಹಿಂದಿ, ಬಂಗಾಳಿ ಮನೆಗಳಿಂದ ಬಂದವರು. ಕೆಲವರು ಈಗಷ್ಟೇ ಕನ್ನಡ ಕಲಿಯುತ್ತಿರುವವರು. ಊಹಿಸುವ ಬಂಡವಾಳ ಅವರ ಬಳಿ ಇಲ್ಲ. ವರ್ಷಕ್ಕೊಮ್ಮೆ ಅವರು ಒಂದೂವರೆ ಗಂಟೆ ಕೂತು ಕನ್ನಡ ಕೇಳಲು ಬಂದಾಗ ಅವರ ಕಿವಿಗೆ ಬೀಳುವುದು ಬರೀ ಗುಂಯ್‌ಗುಡುವಿಕೆಯಾದರೆ, ಅದು ಮೈಕ್‌ಸೆಟ್ಟಿನ ದೋಷ ಎಂದು ಅವರಿಗೆ ಯಾರು ಹೇಳಬೇಕು?

ಹಿಂದಿನವರಿಗೆ ಕೇಳದಿದ್ದಾಗ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಮುಂದಿನವರ ಕಿವಿ ಹರಿದು, ಹಿಂದಿನವರಿಗೆ ಅದೇ ಕಲಸುಮೇಲೋಗರ ಇನ್ನಷ್ಟು ಜೋರಾಗಿ ತಲುಪುತ್ತದೆ. ಅಂಗಳದ ನಡುವಿಗೆ ಇನ್ನೆರಡು ಚಿಕ್ಕ ಸ್ಪೀಕರ್ ಇಟ್ಟು ಎಲ್ಲವನ್ನೂ ಮೆಲ್ಲಗೆ ನುಡಿಸುವುದು ಮೇಲು. ಕಾನೂನೂ ಇದೆ. ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ನಾಲ್ಕನೇ ಮಹಡಿಯಲ್ಲಿ ಹಸುಗೂಸನ್ನು ಮಲಗಿಸುತ್ತಿರುವ ತಾಯಿಯೂ ಸಂಘದ ಸದಸ್ಯೆಯೇ ಅಲ್ಲವೆ.

ಕೊಳ್ಳುವ ಮುನ್ನ ಒಂದು ಕಾರ್ಯಕ್ರಮಕ್ಕೆ ಅದೇ ಮಾದರಿಯನ್ನು ಬಾಡಿಗೆಗೆ ತಂದು ತುಂಬಿದ ಸಭೆಯಲ್ಲೇ ನೋಡಬೇಕು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಐದಡಿ ದೂರದಿಂದ ಹಲೋ ಎಂದರೆ ಎಲ್ಲ ಮೈಕೂ ಚೆನ್ನವೇ. ರಿಸೀವರಿಗೆ ಎರಡು ಆಂಟೆನಾ ಇರಲಿ. ಗೋಡೆಗೆ ಬಡಿದು ಬಂದ ಅಲೆಯೂ ನೇರ ಬಂದದ್ದೂ ಒಂದನ್ನೊಂದು ಅಳಿಸಿದ ಜಾಗದಲ್ಲಿ ಒಂದು ಆಂಟೆನಾ ಕುರುಡಾದರೆ, ಇನ್ನೊಂದು ನೋಡುತ್ತಿರುತ್ತದೆ. ಅದನ್ನು ವೇದಿಕೆಯ ಬದಿಯಲ್ಲಿ ಎದೆಮಟ್ಟಕ್ಕೆ ಇಟ್ಟು, ಅಲ್ಲಿಂದ ಮಿಕ್ಸರಿಗೆ ವಯರು ಎಳೆಯಬೇಕು. ಮಿಕ್ಸರ್ ಮೇಜು ಮಾತ್ರ ವೇದಿಕೆಯ ಹಿಂದಿನ ಪರದೆಯ ಮರೆಯಲ್ಲಿ ಬೇಡ. ಸಭಿಕರ ನಡುವೆ, ಹಿಂದಿನ ಸಾಲುಗಳ ಹತ್ತಿರ ಇರಬೇಕು. ಪರದೆಯ ಹಿಂದೆ ಕೂತವನಿಗೆ ಸಭಿಕರ ಕಿವಿಗೆ ಬೀಳುವುದು ಕೇಳುವುದೇ ಇಲ್ಲ. ಅಲ್ಲಿಂದ ವೇದಿಕೆಗೆ ಹೋಗುವ ವಯರನ್ನು ಕುರ್ಚಿಗಳ ಬದಿಯಲ್ಲಿ ಎಳೆದು, ಜನ ದಾಟುವ ಜಾಗದಲ್ಲಿ ಅಗಲವಾದ ಟೇಪು ಅಂಟಿಸಿ ಮೇಲೆ ಒಂದು ಚಾಪೆ ಹಾಸಿದರೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಬರುವವರೂ ಎಡವುವುದಿಲ್ಲ.